ಜೊಲ್ಲಿನ ಲೆಕ್ಕ

ಹಿಂದೆ ಇದೇ ಸೈಕಲ್ಲಿನ ಮೇಲೆ ಉಸಿಪಾ ಮೀನು ಹೊರುತ್ತಿದ್ದೆ,
ಚಿಲುಂಬಾದ ದಂಡೆಯಿಂದ ಗುಡ್ಡದ ಸಂತೆಗೆ.
ಈಗ ಕೂಸುಗಳ ಜೊಲ್ಲು ಹೊರುತ್ತೇನೆ.
ನಗಬೇಡಿ. ಸಂಬಳ ಬರುತ್ತದೆ,
ಬೆಕ್ಕುಗಳೂ ಬೆನ್ನಟ್ಟುವುದಿಲ್ಲ.

ಡಾಕ್ಟರ್ ತವೊಂಗ ನ್ಯಸುಲು ಹೇಳಿಕೊಟ್ಟದ್ದು ಇಷ್ಟು:
ಮೊದಲ ದಿನ ತಾಯಿಗೆ ಒಂದು ಗುಟುಕು ನೀರು.
ನೋಡಲು ನೀರೇ, ಕುಡಿಯಲೂ ನೀರೇ,
ಒಳಗೆ ಮಾತ್ರ ಕೂದಲೆಳೆಯಷ್ಟು ಭಾರ ಹೆಚ್ಚು.
ಅದು ರಕ್ತಕ್ಕಿಳಿಯುತ್ತದೆ, ರಕ್ತದಿಂದ ಮೊಲೆಗೆ,
ಮೊಲೆಯಿಂದ ಕೂಸಿನ ಹೊಟ್ಟೆಗೆ,
ಅಲ್ಲಿಂದ ಎಳೆಮೈಯೆಲ್ಲ ಸುತ್ತಿ ಬಂದು
ತುಟಿಯಂಚಿನಲ್ಲಿ ಜೊಲ್ಲಾಗಿ ತೂಗುತ್ತದೆ.
ಹತ್ತಿಯ ಉಂಡೆಗೆ ಅದನ್ನು ಹೀರಿಸಿ, ಹಿಂಡಿ,
ಸೀಸೆಗೆ ಹೆಸರು ಬರೆದು, ಐಸಿನ ಪೆಟ್ಟಿಗೆಗೆ.
ಹದಿನಾಲ್ಕು ದಿನದಲ್ಲಿ ಆರು ಸಲ.

‘ತಕ್ಕಡಿ ತೆಗೆದರೆ ತಾಯಂದಿರು ನಾಚುತ್ತಾರೆ,
ಕೇಳಿದರೆ ನಮಗೆ ಹಿತವಾದದ್ದನ್ನೇ ಹೇಳುತ್ತಾರೆ.
ನೀರಿಗೆ ದಾಕ್ಷಿಣ್ಯವಿಲ್ಲ, ಗೊಂಡ್ವೆ.’
ಊಟದ ನಡುವೆಯೂ ಅಂಗೈ ಮೇಲೆ ಅಂಕಿ ಬರೆದುಕೊಳ್ಳುವ ಹೆಂಗಸು.
ಅವರ ಸಿಮಾ ತುತ್ತಿಗೆ ಶಾಯಿ ಹತ್ತಿದ್ದನ್ನು
ನಾನೇ ಎಷ್ಟೋ ಸಲ ಕಂಡಿದ್ದೇನೆ.

ಲುಸುಂಗುವಿನ ಮಗಳು ವೇಜಿ. ನಾಲ್ಕು ತಿಂಗಳು.
‘ಬರೀ ಮೊಲೆಹಾಲು, ದೇವರಾಣೆ’ ಎಂದಿದ್ದಳು ತಾಯಿ.
ಯಂತ್ರದ ಕಾಗದ ಒಪ್ಪಲಿಲ್ಲ.
ಹಾಲಿನ ಭಾರ ತೆಳುವಾಗಿತ್ತು.
ಎಲ್ಲಿಂದಲೋ ಹಗುರ ನೀರು ಬಂದು ಬೆರೆತಿತ್ತು,
ದಿನಕ್ಕೆ ನೂರ ತೊಂಬತ್ತು ಗ್ರಾಂ.

ಡಾಕ್ಟರಮ್ಮ ನನ್ನ ಸೈಕಲ್ಲಿನ ಹಿಂದೆ ಕೂತರು.
ಮೀನಿನ ವಾಸನೆ ಇನ್ನೂ ಹೋಗಿಲ್ಲವೆಂದು
ನಾಚಿಕೆಯಿಂದ ಜೋರಾಗಿ ತುಳಿದೆ.

ಅಂಗಳದಲ್ಲಿ ಅಜ್ಜಿ ನ್ಯಾಹರಾವ ಮರಗೆಣಸು ಹೆರೆಯುತ್ತಿದ್ದಳು,
ಕೂಸು ಬೆನ್ನಿಗೆ ಕಟ್ಟಿ.
ಡಾಕ್ಟರಮ್ಮ ಬೈಯಲಿಲ್ಲ. ಅಂಕಿ ಹೇಳಿದರು.
ಮುದುಕಿಯ ಚೂರಿ ನಿಲ್ಲಲಿಲ್ಲ.

‘ನಾನೇ ಕುಡಿಸಿದ್ದು.
ನಸುಕಿಗೆ ಮೀನು ಒಣಗಿಸಲು ಹೋದವಳು
ಹೊತ್ತು ನೆತ್ತಿಗೆ ಬಂದರೂ ಬರುವುದಿಲ್ಲ.
ಇದು ಅಳುತ್ತದೆ. ನನ್ನ ಎದೆಯಲ್ಲಿ ಏನಿದೆ ಕೊಡಲು?
ಕಾಯಿಸಿ, ಆರಿಸಿ, ಚಮಚದಲ್ಲಿ ಹಾಕಿದೆ.
ನಿಮ್ಮ ಯಂತ್ರ ಅದನ್ನು ಕಂಡಿತು. ಸರಿ.
ನನ್ನ ಸೊಸೆ ಒಪ್ಪೊತ್ತು ಉಣ್ಣುವುದನ್ನು ಕಂಡಿತೆ?’

ಡಾಕ್ಟರಮ್ಮ ಕಡತ ಬಿಚ್ಚಿದರು.
ಬಹಳ ಹೊತ್ತು ಬೆರಳು ಒಂದೇ ಕಡೆ ಇತ್ತು.
ತಾಯಿ ಕುಡಿದ ಆ ಗುಟುಕೇ
ತಾಯಿಯ ಮೈಯನ್ನೂ ಅಳೆದಿರುತ್ತದಂತೆ:
ಮಾಂಸವೆಷ್ಟು, ಕೊಬ್ಬೆಷ್ಟು, ಎಲುಬಿನ ಮೇಲೆ ಉಳಿದದ್ದೆಷ್ಟು.
ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

‘ಕಂಡಿದೆ’ ಎಂದರು. ‘ಕೆಳಗಿನ ಸಾಲಿನಲ್ಲೇ ಇದೆ.
ಓದದೆ ಬಂದೆ.’

ಆಗ ಲುಸುಂಗು ಬಂದಳು.
ಮೊಣಕೈವರೆಗೆ ಮೀನಿನ ಹುರುಪೆ ಹೊಳೆಯುತ್ತಿತ್ತು.
ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು, ಸಿಕ್ಕಿಬಿದ್ದವಳ ಹಾಗೆ.
ಅಜ್ಜಿ ಗಂಟು ಬಿಚ್ಚಿ ಕೂಸನ್ನು ಅವಳ ಮಡಿಲಿಗೆ ಹಾಕಿದಳು.
ವೇಜಿಗೆ ಯಾರ ಮುಖವೂ ಬೇಕಿರಲಿಲ್ಲ.
ಗುಟುಕು, ಗುಟುಕು, ನಡುವೆ ಒಂದು ನಿಟ್ಟುಸಿರು.
ಗಡಿಯಾರ ಹಿಡಿಯದೆ ಡಾಕ್ಟರಮ್ಮ ಆ ಸದ್ದು ಕೇಳಿದ್ದನ್ನು
ಅವತ್ತೇ ಮೊದಲು ನೋಡಿದೆ.

ಹಿಂತಿರುಗುವಾಗ ಏರಿನಲ್ಲಿ ಇಳಿದು ಸೈಕಲ್ ತಳ್ಳಿದರು.
‘ಹಣ ಕೊಟ್ಟವರು ಕೂಸಿನ ಸಾಲು ಮಾತ್ರ ಕೇಳಿದ್ದಾರೆ, ಗೊಂಡ್ವೆ.’
ನನಗೇನು ಗೊತ್ತು ಹೇಳಲು? ಐಸ್ ಕರಗುತ್ತಿದೆ ಎಂದೆ.

ವರದಿಯಲ್ಲಿ ತಾಯಂದಿರ ಸಾಲು ಮೊದಲು ಬರೆದರಂತೆ.
ವಾಪಸು ಬಂತು. ಹಾಗೆಯೇ ಮತ್ತೆ ಕಳಿಸಿದರು.
ಉತ್ತರ ಇನ್ನೂ ಇಲ್ಲ.

ನಾಳೆ ಆರು ಮನೆ ಇವೆ ನನಗೆ.
ಹತ್ತಿ ತುಂಬಿಕೊಂಡಿದ್ದೇನೆ.
ಪೆಟ್ಟಿಗೆಯ ಪಕ್ಕ, ಯಾರೂ ಬರೆಸದೆ ಇರಲಿ ಎಂದು,
ಬಾಳೆಲೆಯಲ್ಲಿ ಸುತ್ತಿ ನಾಲ್ಕು ಹಿಡಿ ಉಸಿಪಾ.